ಪವಾಡ ಕಥೆಗಳು: ಶಿವಗಂಗೆ, ಪ್ರಾಚೀನ ಗ್ರೀಸ್, ಆದಿ ಕ್ರೈಸ್ತ ಬರಹ

ಪವಾಡ ಕಥೆ: ನಿತ್ಯದ ಅನುಭವಕ್ಕೆ ಹೊಂದದ ಘಟನೆಯೊಂದನ್ನು ದೇವರ, ಸಂತನ ಇಲ್ಲವೇ ಕ್ಷೇತ್ರದ ಮಹಿಮೆಗೆ ಸಾಕ್ಷಿಯಾಗಿ ನಿಲ್ಲಿಸುವ ಕಥನ. ಇದಕ್ಕೆ ಅಚ್ಚರಿಯೊಂದೇ ಸಾಲದು. ಅಜ್ಜಿ ಹೇಳುವ ಕಥೆಯಲ್ಲಿ ಗಿಳಿ ಮಾತಾಡಿದರೆ ಯಾರೂ ಪುರಾವೆ ಕೇಳುವುದಿಲ್ಲ. ಬಂಡೆಯಿಂದ ನೀರು ಹೊಮ್ಮಿತು ಎಂದರೆ ಮಾತ್ರ ಎಲ್ಲಿ, ಯಾವಾಗ, ಕಂಡವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಉತ್ತರವನ್ನೂ ಹೊತ್ತುಕೊಂಡೇ ಬರುವುದು ಪವಾಡ ಕಥೆಯ ಲಕ್ಷಣ. ಊರಿನ ಹೆಸರು, ತಿಥಿ, ರೋಗಿಯ ಹೆಸರು, ಮೊದಲು ನಕ್ಕು ಆಮೇಲೆ ಕೈಮುಗಿದವನೊಬ್ಬ ಇವೆಲ್ಲ ಅದರಲ್ಲಿ ಇದ್ದೇ ಇರುತ್ತವೆ.

ಕನ್ನಡದಲ್ಲಿ ಪವಾಡ ಎಂದರೆ ಹಾಡಿ ಹೊಗಳತಕ್ಕ ಸಾಹಸವೂ ಹೌದು. ಮರಾಠಿಯ ವೀರಗೀತೆ ಪೋವಾಡ ಇದೇ ಬಳಗದ ಪದ. ಮೈಲಾರದ ಗೊರವರು ಕಬ್ಬಿಣದ ಸರಪಳಿ ಹರಿದರೆ ಅದು ಸರಪಳಿ ಪವಾಡ. ವೀರಭದ್ರನ ಮುಂದೆ ಪುರವಂತರು ಕೆನ್ನೆಗೆ ಶಸ್ತ್ರ ಹಾಯಿಸಿಕೊಂಡರೆ ಅದೂ ಪವಾಡ. ಮಾಡುವವನು ಮನುಷ್ಯ, ಮಾಡಿಸುವವನು ದೇವರು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ಅರ್ಥವಲಯಕ್ಕೆ ಮುಖ್ಯವಾಗಿ ಮೂರು ಪದಗಳಿವೆ: ಗುರುತು ಎಂಬರ್ಥದ ಸೆಮೆಯೋನ್, ಶಕ್ತಿ ಎಂಬರ್ಥದ ಡ್ಯುನಮಿಸ್, ಬೆರಗು ಎಂಬರ್ಥದ ತೆರಸ್. ಕನ್ನಡ ಬೈಬಲ್ ಇವನ್ನು ಸೂಚಕಕಾರ್ಯ, ಮಹತ್ಕಾರ್ಯ, ಅದ್ಭುತಕಾರ್ಯ ಎಂದು ಬೇರ್ಪಡಿಸಿತು. ಗೊರವರ, ಪುರವಂತರ ಪದ ಈ ಮೂರರಲ್ಲಿಲ್ಲ. ಆದರೆ ಜನರ ಬಾಯಲ್ಲಿ ಸಂತ ಅಂತೋಣಿಯವರೂ ಈಗ ‘ಪವಾಡ ಪುರುಷ’ರೇ.

ಪವಾಡ ಕಥೆಗಳನ್ನು ಸಾಮಾನ್ಯವಾಗಿ ರೋಗ ವಾಸಿಮಾಡುವುದು, ಸತ್ತವರನ್ನು ಬದುಕಿಸುವುದು, ಪ್ರಕೃತಿಯನ್ನು ಆಳುವುದು ಎಂದು ವಿಷಯದ ಮೇಲೆ ವಿಂಗಡಿಸುತ್ತಾರೆ. ಇಲ್ಲಿ ಬೇರೊಂದು ಗೆರೆ ಎಳೆದಿದೆ. ಕೆಲವು ಪವಾಡಗಳು ಸ್ಥಳಕ್ಕೆ ಅಂಟಿದವು: ಅದೇ ಬಂಡೆ, ಅದೇ ತಿಥಿ, ವರ್ಷವರ್ಷವೂ. ಕೆಲವು ವ್ಯಕ್ತಿಗೆ ಅಂಟಿದವು: ಒಮ್ಮೆ ನಡೆದು ಮುಗಿದವು, ಪುಸ್ತಕದಲ್ಲಿ ಕೂತು ಊರೂರು ತಿರುಗುವವು. ಮೊದಲನೆಯದನ್ನು ಕಾಣಬೇಕಾದರೆ ನಾವು ಅಲ್ಲಿಗೆ ಹೋಗಬೇಕು; ಎರಡನೆಯದು ನಮ್ಮಲ್ಲಿಗೇ ಬರುತ್ತದೆ.

ಶಿವಗಂಗೆಯ ಬೆಟ್ಟ

ಸ್ಥಳದ ಪವಾಡಕ್ಕೆ ಬೆಂಗಳೂರಿನ ಹತ್ತಿರದಲ್ಲಿ ಶಿವಗಂಗೆಯಷ್ಟು ತುಂಬಿದ ಉದಾಹರಣೆ ಇನ್ನೊಂದಿಲ್ಲ. ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ, ತುಮಕೂರು ಹೆದ್ದಾರಿಯ ಡಾಬಸ್‌ಪೇಟೆಯಿಂದ ಒಳಕ್ಕೆ ಸರಿದರೆ ಸಿಗುವ ಈ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದಲ್ಲಿದೆ. ಪುರಾಣದ ಹೆಸರು ಕಕುದ್ಗಿರಿ, ಎತ್ತಿನ ಇಣಿಯಂಥ ಗಿರಿ. ಹೊಗಳಿಕೆಯ ಹೆಸರು ದಕ್ಷಿಣಕಾಶಿ. ಪೂರ್ವದಿಂದ ಬಸವ, ಪಶ್ಚಿಮದಿಂದ ಗಣಪತಿ, ಉತ್ತರದಿಂದ ಹೆಡೆಯೆತ್ತಿದ ಹಾವು, ದಕ್ಷಿಣದಿಂದ ಲಿಂಗ ಎಂಬಂತೆ ಇದು ಕಾಣುತ್ತದೆ ಎನ್ನುತ್ತಾರೆ. ಕಂಡೇ ಕಾಣುತ್ತದೆ ಎಂದು ಹಠ ಹಿಡಿದವರಿಗೆ ನಾಲ್ಕೂ ಕಾಣುತ್ತವೆ. ಬಸವನಂತೂ ಯಾರಿಗಾದರೂ ಕಾಣುತ್ತಾನೆ.

ಗವಿಯೊಳಗಿನ ಗಂಗಾಧರೇಶ್ವರನ ಗುಡಿಯದು ಎಲ್ಲರಿಗೂ ಗೊತ್ತಿರುವ ಪವಾಡ. ಭಕ್ತರು ತಂದ ತುಪ್ಪವನ್ನು ಅರ್ಚಕರು ಲಿಂಗದ ಮೇಲಿಟ್ಟು ಉಜ್ಜುತ್ತಾರೆ. ಹಳದಿ ತುಪ್ಪ ಬೆಳ್ಳಗಾಗುತ್ತ, ಗಟ್ಟಿಯಾಗುತ್ತ, ನುಣ್ಣನೆ ಬೆಣ್ಣೆಯಾಗುತ್ತದೆ. ಅದನ್ನು ಪ್ರಸಾದವೆಂದು, ಮದ್ದೆಂದು ಮನೆಗೆ ಒಯ್ಯುತ್ತಾರೆ. ಈ ಪವಾಡದ ಚೆಲುವಿರುವುದು ಅದು ಅಡುಗೆಮನೆಯ ಭಾಷೆಯಲ್ಲಿ ಮಾತಾಡುವುದರಲ್ಲಿ. ಬೆಣ್ಣೆ ಕಾಯಿಸಿ ತುಪ್ಪ ಮಾಡುವುದನ್ನು ಕಾಣದ ಮನೆಯಿಲ್ಲ. ತುಪ್ಪ ತಿರುಗಿ ಬೆಣ್ಣೆಯಾದದ್ದನ್ನು ಕಂಡ ಮನೆಯೂ ಇಲ್ಲ. ಹಿಂದಿರುಗದ ದಾರಿಯಲ್ಲಿ ದೇವರು ಹಿಂದಿರುಗಿಸಿದ ಎಂಬುದು ಒಂದೇ ಹಿಡಿ ತುಪ್ಪದಲ್ಲಿ ಅರ್ಥವಾಗಿಬಿಡುತ್ತದೆ.

ಇದಕ್ಕೆ ಹತ್ತಿರದ ನೆಂಟನೊಬ್ಬ ಆಯುರ್ವೇದದಲ್ಲಿದ್ದಾನೆ. ಶತಧೌತಘೃತ ಎಂಬ ಮುಲಾಮಿಗೆ ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೀರು ಬೆರೆಸಿ ಉಜ್ಜುತ್ತ, ನೀರು ಚೆಲ್ಲುತ್ತ, ನೂರು ಸಲ ತೊಳೆಯುತ್ತಾರೆ. ಕೊನೆಗೆ ಸಿಗುವುದು ಬೆಳ್ಳನೆಯ, ಬೆಣ್ಣೆಯಂಥ ಮೃದುವಾದ ಪದಾರ್ಥ. ಸುಟ್ಟ ಗಾಯಕ್ಕೆ ಹಚ್ಚುತ್ತಾರೆ. ಬೆಣ್ಣೆಗೂ ತುಪ್ಪಕ್ಕೂ ಇರುವ ದೊಡ್ಡ ವ್ಯತ್ಯಾಸವೇ ನೀರು: ಬೆಣ್ಣೆಯಲ್ಲಿ ಶೇಕಡಾ 16ರ ಆಸುಪಾಸು ನೀರು ಜಿಡ್ಡಿನೊಳಗೆ ಹನಿಹನಿಯಾಗಿ ಅಡಗಿರುತ್ತದೆ, ತುಪ್ಪದಲ್ಲಿ ಅದು ಕಾದು ಹೋಗಿರುತ್ತದೆ. ಗವಿಯ ತಣ್ಣನೆ ಕಲ್ಲು, ಅಭಿಷೇಕದ ನೀರಿನ ಪಸೆ, ಅಂಗೈಯ ಉಜ್ಜಾಟ ಮೂರೂ ಒಂದೆಡೆ ಇದ್ದಾಗ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೂ ನೂರು ಸಲ ತೊಳೆಯುವ ವೈದ್ಯನ ಪಾತ್ರೆಯ ಮುಂದೆ ಯಾರೂ ಕೈಮುಗಿಯುವುದಿಲ್ಲ.

ಎರಡನೆಯದು ಗಂಗೋತ್ಪತ್ತಿ. ಮಕರ ಸಂಕ್ರಾಂತಿಯ ಬೆಳಗಿನ ಜಾವ ಬೆಟ್ಟದ ತುದಿಯ ತೀರ್ಥಕಂಬದ ಬಳಿ ನೀರು ಉಕ್ಕುತ್ತದೆ ಎಂಬುದು ನಂಬಿಕೆ. ಅರ್ಚಕರು ಕತ್ತಲಲ್ಲೇ ಬೆಟ್ಟವೇರಿ ಪೂಜೆ ಸಲ್ಲಿಸಿ, ಆ ತೀರ್ಥವನ್ನು ಕಲಶದಲ್ಲಿ ತುಂಬಿ, ವಾದ್ಯದೊಂದಿಗೆ ಕೆಳಗಿಳಿಸುತ್ತಾರೆ. ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಅಂದು ನಡೆಯುವ ಗಿರಿಜಾ ಕಲ್ಯಾಣಕ್ಕೆ ಧಾರೆಯ ನೀರು ಅದೇ. ಇಲ್ಲಿ ಪವಾಡ ಮದುವೆಯ ಕೆಲಸವೊಂದನ್ನು ಮಾಡುತ್ತಿದೆ. ನೀರು ಬರದಿದ್ದರೆ ಧಾರೆಯಿಲ್ಲ, ಧಾರೆಯಿಲ್ಲದೆ ಮದುವೆಯಿಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಒಳಕಲ್ಲು ತೀರ್ಥದಲ್ಲಿ ಬಂಡೆಯ ಒರಳಿನಂಥ ಕುಳಿಗೆ ಕೈಯಿಳಿಸಿದಾಗ ನೀರು ತಾಗಿದರೆ ಪುಣ್ಯವಂತರು. ಪಾತಾಳಗಂಗೆಯ ನೀರು ಬೇಸಗೆಯಲ್ಲಿ ಏರಿ ಮಳೆಗಾಲದಲ್ಲಿ ಇಳಿಯುತ್ತದೆ ಎಂಬ ಮಾತಿದೆ. ಗಂಗಾಧರೇಶ್ವರನ ಗವಿಯಿಂದ ಬೆಂಗಳೂರಿನ ಗವಿಪುರದ ಗಂಗಾಧರೇಶ್ವರನವರೆಗೆ, ಸುಮಾರು 50 ಕಿ.ಮೀ., ಸುರಂಗವಿದೆ ಎಂಬ ಮಾತೂ ಇದೆ. ಗಮನಿಸಬೇಕಾದದ್ದು, ಇವುಗಳಲ್ಲಿ ಯಾವುದಕ್ಕೂ ಕಥಾನಾಯಕನಿಲ್ಲ. ಬರೆದ ಕವಿಯ ಹೆಸರೂ ಬೇಕಿಲ್ಲ. ಕಲ್ಲು, ನೀರು, ತಿಥಿ ಇದ್ದರಾಯಿತು.

ಗ್ರೀಕರ ಬುಗ್ಗೆ, ಬಾನೆ, ಶಾಸನ

ಗ್ರೀಕ್ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪ್ರಹಸನದ ಪಪೈರಸ್. ಅದರಲ್ಲಿ ಕನ್ನಡ ಮಾತುಗಳಿವೆ ಎಂದು 1904ರಲ್ಲಿ ವಿದ್ವಾಂಸ ಹುಲ್ಟ್ಸ್ ವಾದಿಸಿದರು, ಮುಂದೆ ಶಾಮಾಶಾಸ್ತ್ರಿ, ಗೋವಿಂದ ಪೈ ಅದನ್ನು ಬೆಳೆಸಿದರು, ಚರ್ಚೆ ತೀರಿಲ್ಲ. ಇಲ್ಲಿ ಹೇಳುವ ಸಾಮ್ಯಕ್ಕೆ ಅಂಥ ನಂಟು ಬೇಕಿಲ್ಲ.

ರೋಮನ್ ಲೇಖಕ ಪ್ಲಿನಿ ಒಂದನೆಯ ಶತಮಾನದಲ್ಲಿ ಬರೆದಂತೆ, ಆಂಡ್ರೋಸ್ ದ್ವೀಪದ ಡಯೊನೈಸಸ್ ಗುಡಿಯ ಬುಗ್ಗೆ ಪ್ರತಿವರ್ಷ ಜನವರಿ 5ರಂದು ದ್ರಾಕ್ಷಾರಸದ ರುಚಿ ಪಡೆಯುತ್ತಿತ್ತು. ಅವನು ಸೇರಿಸುವ ಇನ್ನೊಂದು ವಿವರ ಇನ್ನೂ ಸೊಗಸು: ಗುಡಿ ಕಣ್ಮರೆಯಾಗುವಷ್ಟು ದೂರ ಒಯ್ದರೆ ಅದು ಬರೀ ನೀರಾಗುತ್ತಿತ್ತಂತೆ. ಸ್ಥಳದ ಪವಾಡಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಸಿಗಲಾರದು. ಎರಡನೆಯ ಶತಮಾನದ ಯಾತ್ರಿಕ ಪೌಸಾನಿಯಸ್ ಎಲಿಸ್ ಪಟ್ಟಣದ ಹಬ್ಬವನ್ನು ವಿವರಿಸುತ್ತಾನೆ. ಊರವರ, ಪರಸ್ಥಳದವರ ಎದುರಿಗೆ ಮೂರು ಖಾಲಿ ಹಂಡೆಗಳನ್ನು ಕೋಣೆಯೊಳಗಿಟ್ಟು ಬಾಗಿಲಿಗೆ ಮುದ್ರೆ ಒತ್ತುತ್ತಾರೆ. ಬೇಕಾದವರು ತಮ್ಮ ಮುದ್ರೆಯನ್ನೂ ಒತ್ತಬಹುದು. ಮರುದಿನ ತೆರೆದರೆ ಹಂಡೆಗಳ ತುಂಬ ದ್ರಾಕ್ಷಾರಸ. ಹಬ್ಬದ ಹೊತ್ತಿಗೆ ತಾನು ಅಲ್ಲಿರಲಿಲ್ಲ, ಆದರೆ ಊರಿನ ಮರ್ಯಾದಸ್ಥರು ಆಣೆಯಿಟ್ಟು ಹೇಳಿದರು ಎನ್ನುತ್ತಾನೆ. ನಂಬಿದೆನೆಂದೂ ಹೇಳದ, ಸುಳ್ಳೆಂದೂ ಹೇಳದ ಈ ಧಾಟಿ ಸ್ಥಳಪುರಾಣ ಕೇಳಿ ಬಂದ ಯಾರಿಗೂ ಪರಿಚಿತ. ಅರ್ಕೇಡಿಯದ ಲಿಕಾಯೊನ್ ಬೆಟ್ಟದಲ್ಲಿ ಬರ ಬಂದಾಗ ಪೂಜಾರಿ ಹಾಗ್ನೊ ಎಂಬ ಬುಗ್ಗೆಯ ನೀರನ್ನು ಓಕ್ ಮರದ ಟೊಂಗೆಯಿಂದ ಕಲಕಿದರೆ ಮಂಜೆದ್ದು ಮೋಡವಾಗಿ ಮಳೆ ಬರುತ್ತಿತ್ತು ಎಂಬುದೂ ಅವನದೇ ವರದಿ.

ಇವು ಪ್ರಯಾಣಿಕರ ಟಿಪ್ಪಣಿಗಳಾದವು. ಪವಾಡವನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ್ದು ಎಪಿಡೌರೊಸ್. ವೈದ್ಯದೇವ ಅಸ್ಕ್ಲೇಪಿಯಸ್‌ನ ಆ ಕ್ಷೇತ್ರದಲ್ಲಿ ರೋಗಿಗಳು ಗುಡಿಯ ಪಡಸಾಲೆಯಲ್ಲಿ ಮಲಗುತ್ತಿದ್ದರು. ಕನಸಿನಲ್ಲಿ ದೇವರು ಬಂದು ಗುಣಪಡಿಸುತ್ತಿದ್ದ. ಕ್ರಿ.ಪೂ. 4ನೇ ಶತಮಾನದಲ್ಲಿ ಇಂಥ ಕಥೆಗಳನ್ನು ಫಲಕಗಳ ಮೇಲೆ ಕೆತ್ತಲಾಯಿತು. ಪೌಸಾನಿಯಸ್ ಹೋದಾಗ ಆರು ಫಲಕ ಉಳಿದಿದ್ದವು. 1880ರ ದಶಕದ ಉತ್ಖನನದ ನಂತರ ಸುಮಾರು 70 ಕಥೆಗಳು ಓದಲು ಸಿಕ್ಕಿವೆ. ಮೊದಲ ಕಥೆ ಕ್ಲಿಯೊ ಎಂಬವಳದು: ಐದು ವರ್ಷ ಬಸುರಿಯಾಗಿದ್ದವಳು ಗುಡಿಯಲ್ಲಿ ಮಲಗಿದ್ದು ಹೊರಬಂದು ಹೆತ್ತಳು, ಹುಟ್ಟಿದ ಮಗು ತಾನೇ ಬುಗ್ಗೆಯಲ್ಲಿ ಮಿಂದು ತಾಯಿಯೊಡನೆ ನಡೆದಾಡಿತು. ಇನ್ನೊಂದರಲ್ಲಿ ಹೊರೆಯಾಳೊಬ್ಬ ದಾರಿಯಲ್ಲಿ ಬಿದ್ದ. ಚೀಲದೊಳಗೆ ಯಜಮಾನನ ಕುಡಿಯುವ ಬಟ್ಟಲು ಒಡೆಯಿತು. ಚೂರು ಜೋಡಿಸುತ್ತ ಕೂತವನನ್ನು ಕಂಡ ದಾರಿಹೋಕ, ಅದನ್ನು ಅಸ್ಕ್ಲೇಪಿಯಸ್ ಬಂದರೂ ಕೂಡಿಸಲಾರ ಎಂದು ನಕ್ಕ. ಗುಡಿಗೆ ಬಂದು ಚೀಲ ಬಿಚ್ಚಿದರೆ ಬಟ್ಟಲು ಇಡಿಯಾಗಿತ್ತು. ಬಡ ಆಳಿನ ಹೆದರಿಕೆ, ಯಜಮಾನನ ಬಟ್ಟಲು, ದಾರಿಹೋಕನ ಕುಹಕ ಎಲ್ಲವೂ ಆರೇಳು ಸಾಲಿನಲ್ಲಿ. ಎಪಿಡೌರೊಸ್ ನಂಬದವರನ್ನು ದೂರವಿಡುವುದಿಲ್ಲ, ತನ್ನ ಕಥೆಗೇ ಎಳೆದುಕೊಳ್ಳುತ್ತದೆ. ಬೆರಳು ಮರಗಟ್ಟಿದ್ದವನೊಬ್ಬ ಫಲಕ ಓದಿ ನಕ್ಕ; ಗುಣವಾದ ಮೇಲೂ ದೇವರು ಅವನಿಗೆ ‘ನಂಬದವ’ ಎಂಬರ್ಥದ ಅಪಿಸ್ಟೋಸ್ ಎಂಬ ಹೆಸರಿಟ್ಟ. ಅಥೆನ್ಸಿನ ಒಕ್ಕಣ್ಣಿ ಅಂಬ್ರೋಸಿಯ ಹಾಗೆಯೇ ನಕ್ಕದ್ದಕ್ಕೆ ತನ್ನ ದಡ್ಡತನದ ನೆನಪಿಗಾಗಿ ಬೆಳ್ಳಿಯ ಹಂದಿಯೊಂದನ್ನು ಹರಕೆ ಒಪ್ಪಿಸಬೇಕಾಯಿತು.

ನಾಟಕಕಾರರು ಇದೇ ಸರಕನ್ನು ಬೇರೆ ಬೇರೆ ಬಗೆಯಲ್ಲಿ ಬಳಸಿದರು. ಯೂರಿಪಿಡೀಸ್‌ನ ‘ಬ್ಯಾಕೆ’ಯಲ್ಲಿ ಡಯೊನೈಸಸ್‌ನ ಭಕ್ತೆಯರು ಕೋಲಿನಿಂದ ಬಂಡೆಗೆ ಹೊಡೆದರೆ ನೀರು, ನೆಲ ಕೆರೆದರೆ ಹಾಲು. ಅರಿಸ್ಟಾಫೆನೀಸ್‌ನ ‘ಪ್ಲೂಟಸ್’ನಲ್ಲಿ (ಕ್ರಿ.ಪೂ. 388) ಅಸ್ಕ್ಲೇಪಿಯಸ್ ಗುಡಿಯಲ್ಲಿ ಮಲಗಿದ ಆಳು ಕತ್ತಲಲ್ಲಿ ಕಣ್ಣು ಬಿಟ್ಟು ನೋಡುವುದು ಬಲಿಪೀಠಗಳ ಮೇಲಿನ ನೈವೇದ್ಯವನ್ನು ಪೂಜಾರಿ ಚೀಲಕ್ಕೆ ತುಂಬಿಕೊಳ್ಳುತ್ತಿರುವುದನ್ನು. ಭಕ್ತಿಗೂ ಲೇವಡಿಗೂ ಒಂದೇ ಊರಿನಲ್ಲಿ ಜಾಗವಿತ್ತು.

ವ್ಯಕ್ತಿಯ ಪವಾಡ ಗ್ರೀಕರಲ್ಲಿ ಪೂರ್ತಿ ಬೆಳೆದದ್ದು ತಡವಾಗಿ. ಮೂರನೆಯ ಶತಮಾನದಲ್ಲಿ ಫಿಲೊಸ್ಟ್ರಾಟಸ್ ಬರೆದ ತ್ಯಾನದ ಅಪೊಲೋನಿಯಸ್‌ನ ಚರಿತ್ರೆ ಅದರ ದೊಡ್ಡ ಮಾದರಿ. ನಾಯಕ ಭಾರತಕ್ಕೂ ಬರುತ್ತಾನೆ. ಮಂಜು ಮುಸುಕಿದ ಬೆಟ್ಟದ ಮೇಲೆ ಜ್ಞಾನಿಗಳನ್ನು ಕಾಣುತ್ತಾನೆ. ಅಲ್ಲೊಂದು ಪವಿತ್ರ ಬಾವಿ, ಮಳೆಯನ್ನೂ ಗಾಳಿಯನ್ನೂ ತುಂಬಿಟ್ಟ ಎರಡು ಕರಿಕಲ್ಲಿನ ಬಾನೆಗಳು. ಲೇಖಕನ ಕಲ್ಪನೆಯ ಬೆಟ್ಟ ಅದು, ಉತ್ತರ ಭಾರತದಲ್ಲಿಟ್ಟದ್ದು; ಆದರೂ ಶಿವಗಂಗೆ ಹತ್ತಿದವರಿಗೆ ಎಲ್ಲೋ ಕಂಡಂತಿದೆ ಅನ್ನಿಸದಿರದು. ರೋಮಿನಲ್ಲಿ ಅಪೊಲೋನಿಯಸ್ ಮದುವೆಯ ದಿನವೇ ಸತ್ತ ಹುಡುಗಿಯನ್ನು ಎಬ್ಬಿಸುತ್ತಾನೆ. ಅಲ್ಲಿ ಫಿಲೊಸ್ಟ್ರಾಟಸ್ ಕ್ಷಣ ತಡೆಯುತ್ತಾನೆ: ಮಳೆ ಬರುತ್ತಿತ್ತು, ಅವಳ ಮುಖದಿಂದ ಹಬೆ ಏಳುತ್ತಿತ್ತೆನ್ನುತ್ತಾರೆ, ಉಸಿರಿನ ಕಿಡಿ ಇನ್ನೂ ಉಳಿದಿತ್ತೋ ಏನೋ.

ಸುವಾರ್ತೆಗಳು ಮತ್ತು ಆಮೇಲಿನವು

ಸುವಾರ್ತೆಗಳಲ್ಲಿ ಇಂಥ ತಡೆ ಇಲ್ಲ. ಕ್ರಿ.ಶ. 70ರ ಸುಮಾರಿಗೆ ಸೇರುವ ಮಾರ್ಕನ ಸುವಾರ್ತೆಯಲ್ಲಿ ಯೇಸು ಕುರುಡನ ಕಣ್ಣಿಗೆ ಉಗುಳು ಹಚ್ಚಿ ದೃಷ್ಟಿ ಕೊಡುತ್ತಾನೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಲೆಕ್ಸಾಂಡ್ರಿಯದಲ್ಲಿ ಚಕ್ರವರ್ತಿ ವೆಸ್ಪೇಸಿಯನ್ ಉಗುಳಿನಿಂದಲೇ ಕುರುಡನನ್ನು ಗುಣಪಡಿಸಿದ ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಕಂಡವರು ಈಗಲೂ ಹೇಳುತ್ತಾರೆ, ಸುಳ್ಳು ಹೇಳಿ ಅವರಿಗೆ ಸಿಗುವ ಲಾಭವಿಲ್ಲ ಎಂಬುದು ಅವನ ಷರಾ. ಮದ್ದಿನ ವಿಧಾನ ಆ ಕಾಲದ ಎಲ್ಲರದು. ಬೇರೆಯಾದದ್ದು ಪವಾಡ ಯಾರನ್ನು ಬೊಟ್ಟುಮಾಡುತ್ತದೆ ಎಂಬುದು: ಅಲ್ಲಿ ಸಿಂಹಾಸನವನ್ನು, ಇಲ್ಲಿ ಬರಲಿರುವ ದೇವರ ರಾಜ್ಯವನ್ನು.

ಯೋಹಾನನ ಸುವಾರ್ತೆಯ ಮೊದಲ ಸೂಚಕಕಾರ್ಯ ಕಾನಾ ಊರಿನ ಮದುವೆಯದು. ದ್ರಾಕ್ಷಾರಸ ಸಾಲದೆ ಬಂದಾಗ ಆರು ಕಲ್ಲಿನ ಬಾನೆಗಳ ನೀರು ದ್ರಾಕ್ಷಾರಸವಾಗುತ್ತದೆ. ಎಲಿಸ್‌ನ ಹಂಡೆ, ಆಂಡ್ರೋಸ್‌ನ ಬುಗ್ಗೆ ಗೊತ್ತಿದ್ದ ಕೇಳುಗರಿಗೆ ಇದು ಹೊಸ ಪದಾರ್ಥವಲ್ಲ. ಹೊಸದು, ಅದು ಒಂದು ಗುಡಿಗೂ ಒಂದು ತಿಥಿಗೂ ಕಟ್ಟುಬೀಳದೆ ಒಬ್ಬನನ್ನು ಹಿಂಬಾಲಿಸಿದ್ದು.

ಆದರೆ ನೆಲ ಸುಮ್ಮನೆ ಬಿಡಲಿಲ್ಲ. ನಾಲ್ಕನೆಯ ಶತಮಾನದ ಬಿಷಪ್ ಎಪಿಫೇನಿಯಸ್ ಬರೆಯುತ್ತಾನೆ: ಕಾನಾದ ಪವಾಡ ನಡೆದ ದಿನದಂದು, ಎಂದರೆ ಜನವರಿಯ ಮೊದಲ ವಾರದಲ್ಲಿ, ಕಿಬಿರಾ ಮತ್ತು ಗೆರಾಸಾ ಊರುಗಳ ಬುಗ್ಗೆಗಳು ದ್ರಾಕ್ಷಾರಸವಾಗುತ್ತವೆ; ಕಿಬಿರಾದ್ದನ್ನು ತಾನೇ ಕುಡಿದಿದ್ದೇನೆ. ಆಂಡ್ರೋಸ್‌ನ ದಿನಕ್ಕೂ ಇದಕ್ಕೂ ಅಂತರ ಒಂದೆರಡು ದಿನದ್ದಷ್ಟೇ. ಅದೇ ಶತಮಾನದ ಕೊನೆಗೆ ಅಂತಿಯೋಕ್ಯದಲ್ಲಿ ಯೋಹಾನ ಕ್ರಿಸೊಸ್ಟೊಮ್, ಯೇಸುವಿನ ದೀಕ್ಷಾಸ್ನಾನದ ಹಬ್ಬದ ನಡುರಾತ್ರಿ ಜನ ನೀರು ಸೇದಿ ಮನೆಗೊಯ್ಯುತ್ತಾರೆ, ಅದು ವರ್ಷವಿಡೀ ಕೆಡುವುದಿಲ್ಲ ಎನ್ನುತ್ತಾನೆ. ಡಯೊನೈಸಸ್‌ನ ಬುಗ್ಗೆ, ಕಿಬಿರಾದ ಬುಗ್ಗೆ, ಶಿವಗಂಗೆಯ ತೀರ್ಥಕಂಬ ಮೂರೂ ಜನವರಿಯ ಮೊದಲ ಹದಿನೈದು ದಿನಗಳ ಒಳಗೆ. ಒಬ್ಬರಿಂದೊಬ್ಬರು ಪಡೆದರೆಂದು ಹೇಳಲು ಆಧಾರವಿಲ್ಲ, ಹೇಳಬೇಕಾಗಿಯೂ ಇಲ್ಲ. ಹಗಲು ಹಿಗ್ಗತೊಡಗುವ ಕಾಲದಲ್ಲಿ ನೀರಿನ ಸ್ವಭಾವವೂ ಬದಲಾಗಬೇಕೆಂದು ಮೂರು ಊರುಗಳ ಜನಕ್ಕೆ ಬೇರೆ ಬೇರೆಯಾಗಿ ಅನ್ನಿಸಿದೆ.

ಅಧಿಕೃತ ಗ್ರಂಥಗಳ ಹೊರಗೆ ಉಳಿದ ಅಪೊಸ್ತಲರ ಚರಿತ್ರೆಗಳಲ್ಲಿ ಪವಾಡ ಲಂಗುಲಗಾಮಿಲ್ಲದೆ ಓಡುತ್ತದೆ. ಪೇತ್ರನ ಚರಿತ್ರೆಯಲ್ಲಿ ಕಿಟಕಿಗೆ ತೂಗುಹಾಕಿದ್ದ ಒಣಮೀನು ಈಜುತ್ತದೆ, ನಾಯಿ ಮನುಷ್ಯರಂತೆ ಮಾತಾಡುತ್ತದೆ. ತೋಮನ ಚರಿತ್ರೆ ಭಾರತದಲ್ಲೇ ನಡೆಯುತ್ತದೆ. ಗುಂದಫರ್ ರಾಜನ ಅರಮನೆಯ ಹಣವನ್ನು ತೋಮ ಬಡವರಿಗೆ ಹಂಚಿ ಸ್ವರ್ಗದಲ್ಲಿ ಅರಮನೆ ಕಟ್ಟುತ್ತಾನೆ. ಯೋಹಾನನ ಚರಿತ್ರೆಯ ಕಥೆ ನನಗೆ ಎಲ್ಲಕ್ಕಿಂತ ಪ್ರಿಯ. ಪ್ರಯಾಣದ ನಡುವೆ ಛತ್ರದ ಮಂಚದಲ್ಲಿ ತಿಗಣೆ ಕಾಟ. ಮುದುಕ ಯೋಹಾನ ಅವಕ್ಕೆ, ಇವತ್ತೊಂದು ರಾತ್ರಿ ಮನೆಬಿಟ್ಟು ತೆಪ್ಪಗಿರಿ ಎನ್ನುತ್ತಾನೆ. ಬೆಳಗಾದರೆ ತಿಗಣೆಗಳು ಬಾಗಿಲ ಬಳಿ ಗುಂಪಾಗಿ ಅಪ್ಪಣೆ ಕಾಯುತ್ತಿವೆ. ಮಾತು ಕೇಳಿದಿರಿ, ಇನ್ನು ಹೋಗಿ ಎಂದದ್ದೇ ತಡ, ಮಂಚದ ಸಂದಿಗೆ ಮರಳುತ್ತವೆ. ಐದನೆಯ ಶತಮಾನದ ಹೊತ್ತಿಗೆ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪ್ ಆಗಸ್ಟೀನ್, ಸಂತ ಸ್ತೆಫಾನನ ಅವಶೇಷ ತನ್ನೂರಿಗೆ ಬಂದ ಮೇಲೆ ಗುಣವಾದವರಿಂದ ಬರಹ ಪಡೆದು ಚರ್ಚಿನಲ್ಲಿ ಓದಿಸತೊಡಗಿದ. ಎರಡು ವರ್ಷ ತುಂಬುವ ಮೊದಲೇ ಸುಮಾರು 70 ಬರಹ ಸೇರಿದವು. ಪವಾಡ ಮತ್ತೆ ಒಂದು ಊರು, ಒಂದು ಗುಡಿ, ಒಂದು ಪಟ್ಟಿಗೆ ಬಂದು ಕೂತಿತು. ಎಪಿಡೌರೊಸ್‌ನಲ್ಲಿ ಕಲ್ಲು, ಹಿಪ್ಪೊದಲ್ಲಿ ಹಾಳೆ.

ಶರಣರ ಕಥನ

ಕನ್ನಡದಲ್ಲಿ ಕಲ್ಲಿಗೇರಿದ ಪವಾಡಕ್ಕೆ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯ ಶಾಸನ (ಸುಮಾರು 1200) ಮುಖ್ಯ ಸಾಕ್ಷಿ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಓಲೆ ಬರೆದು ಪಣ ಕಟ್ಟಿ ತಲೆ ಕಡಿದುಕೊಂಡ. ಏಳು ದಿನದ ಮೇಲೆ ತಲೆ ಮರಳಿ ಕೂಡಿತು. ದೂರು ದೊರೆ ಬಿಜ್ಜಳನವರೆಗೆ ಹೋಗಿ ರಾಮಯ್ಯನಿಗೆ ಜಯಪತ್ರ ಸಿಕ್ಕಿತು. ಒಪ್ಪಂದದ ಓಲೆ, ಪ್ರತಿವಾದಿ, ರಾಜನ ತೀರ್ಪು, ದತ್ತಿ ಇಟ್ಟುಕೊಂಡ ಈ ಶಾಸನ ಮೊಕದ್ದಮೆಯ ಕಾಗದದಂತೆ ಓದಿಸಿಕೊಳ್ಳುತ್ತದೆ. ಎಪಿಡೌರೊಸ್‌ನಲ್ಲಿ ನಕ್ಕವನೂ ಗುಣವಾಗಿ ಮನೆಗೆ ಹೋದ; ಇಲ್ಲಿ ಸೋತವರ ಬಸದಿ ಉಳಿಯಲಿಲ್ಲ. ಪವಾಡ ಕಥೆ ಮತಗಳ ಜಗಳದ ಆಯುಧವೂ ಆಗುತ್ತದೆಂಬುದನ್ನು ಮರೆಮಾಚಬೇಕಿಲ್ಲ.

ಹರಿಹರನ ರಗಳೆಗಳಲ್ಲಿ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ, 1369ರ ಭೀಮಕವಿಯ ಕನ್ನಡ ಬಸವಪುರಾಣದಲ್ಲಿ ಜೋಳ ಮುತ್ತಾಗುವ, ಬದನೆಕಾಯಿ ಲಿಂಗವಾಗುವ ಬಗೆಯ ಕಥೆಗಳು ಹಬ್ಬಿದವು. ವಚನಗಳಲ್ಲಿ ಇಂಥವು ಅಪರೂಪ. ಪವಾಡವನ್ನು ಪವಾಡದಿಂದಲೇ ಕತ್ತರಿಸಿದ ಕಥೆ ಶೂನ್ಯಸಂಪಾದನೆಯ ಗೋರಕ್ಷನದು. ಅವನ ವಜ್ರದೇಹಕ್ಕೆ ಕತ್ತಿ ಬೀಸಿದರೆ ಖಣಿಲೆಂದು ಸದ್ದಾಗುತ್ತದೆ. ಅಲ್ಲಮನ ಮೇಲೆ ಬೀಸಿದರೆ ಕತ್ತಿ ಬಯಲಲ್ಲಿ ಹಾದಂತೆ ಹಾದುಹೋಗುತ್ತದೆ. ಸದ್ದು ಬಂದದ್ದೇ ಸೋಲು. ಇಷ್ಟು ನಾಜೂಕಾದ ಕಥೆ ಗ್ರೀಕ್ ಮತ್ತು ಕ್ರೈಸ್ತ ಸಂಗ್ರಹಗಳಲ್ಲಿ ನನಗೆ ಸಿಕ್ಕಿಲ್ಲ.

ಕರಾವಳಿಯಲ್ಲಿ ಕ್ರೈಸ್ತ ಪವಾಡವೂ ನೆಲಕ್ಕೆ ಬೇರಿಳಿಸಿತು. ಕಾರ್ಕಳದ ಅತ್ತೂರಿನಲ್ಲಿ, ಚರ್ಚಿಗೆ ಜಾಗ ಹುಡುಕುತ್ತ ಸಂತ ಲಾರೆನ್ಸರ ಪುಟ್ಟ ಮರದ ಪ್ರತಿಮೆಯನ್ನು ಬುಗ್ಗೆಯೊಂದರ ಬಳಿ ಇಳಿಸಿದಾಗ ಅದು ಮತ್ತೆ ಮೇಲೇಳಲಿಲ್ಲ ಎಂಬುದು ಐತಿಹ್ಯ. 2016ರಲ್ಲಿ ಬಸಿಲಿಕಾ ಆದ ಆ ಚರ್ಚಿನ ಜಾತ್ರೆಯೂ ಜನವರಿಯಲ್ಲೇ.

ಸಂಶಯದ ಸಾಲು

ನಂಬದವರ ಸಾಹಿತ್ಯವೂ ಅಷ್ಟೇ ಹಳೆಯದು. ಎರಡನೆಯ ಶತಮಾನದ ಲೂಸಿಯನ್ ‘ಸುಳ್ಳಿನ ಪ್ರೇಮಿ’ ಎಂಬ ಸಂವಾದದಲ್ಲಿ ತತ್ತ್ವಜ್ಞಾನಿಗಳೇ ಕೂತು ಒಬ್ಬರನ್ನೊಬ್ಬರು ಮೀರಿಸುವ ಬುರುಡೆ ಬಿಡುವುದನ್ನು ಚಿತ್ರಿಸಿದ. ಒನಕೆಗೆ ಬಟ್ಟೆ ಸುತ್ತಿ ಮಂತ್ರ ಹಾಕಿದರೆ ನೀರು ಹೊರುತ್ತದೆ. ನಿಲ್ಲಿಸುವ ಮಂತ್ರ ಶಿಷ್ಯನಿಗೆ ಬಾರದು. ಕೊಡಲಿಯಿಂದ ಸೀಳಿದರೆ ನೀರು ಹೊರುವ ಆಳು ಇಬ್ಬರಾಗುತ್ತಾರೆ. ಬೆಂಗಳೂರಿನಲ್ಲಿ ಎಚ್. ನರಸಿಂಹಯ್ಯನವರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಸಂಕ್ರಾಂತಿಯ ಸಂಜೆ ಗವಿಪುರದ ಲಿಂಗವನ್ನು ಸೂರ್ಯಕಿರಣ ತಾಗುವುದನ್ನು ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ಖಗೋಳದ ಲೆಕ್ಕದಿಂದ ವಿವರಿಸಿದರು. ಕಿರಣ ವರ್ಷದಲ್ಲಿ ಎರಡು ಅವಧಿಗಳಲ್ಲಿ ಬರುತ್ತದೆ, ಜನ ಸೇರುವುದು ಒಂದಕ್ಕೆ ಮಾತ್ರ. ಕರ್ನಾಟಕದ 2017ರ ಮೂಢನಂಬಿಕೆ ವಿರೋಧಿ ಕಾಯಿದೆ ಕೂಡ ಗತಿಸಿದ ಸಂತರ ಪವಾಡಗಳನ್ನು ಹೇಳುವುದನ್ನು, ಹರಡುವುದನ್ನು ತಡೆಯುವುದಿಲ್ಲ. ಕಥೆಗೆ ವಿನಾಯಿತಿ ಇದೆ.

ಹೊಸ ಕಥೆ ಹುಟ್ಟುವುದನ್ನು ಶಿವಗಂಗೆಯಲ್ಲೇ ನೋಡಬಹುದು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಮಗಳ ಸುದ್ದಿ ಮುಟ್ಟಿದ ಮೇಲೆ ತಾಯಿ ಬೆಳಗೊಳಕ್ಕೆ ಬಂದು ಉಪವಾಸ ಕೈಗೊಂಡು ದೇಹ ಬಿಟ್ಟಳು. ಶಾಂತಲೆ ಹೇಗೆ ಸತ್ತಳೆಂಬುದನ್ನು ಕಲ್ಲು ಬಿಡಿಸಿ ಹೇಳುವುದಿಲ್ಲ. ಬೆಟ್ಟದ ತುದಿಯಲ್ಲಿ ಮಾತ್ರ ಎಲ್ಲರಿಗೂ ಗೊತ್ತು: ನಂದಿಯ ಆಚೆಗಿನ ಬಂಡೆಯಂಚಿಗೆ ಬಗ್ಗಿ ನೋಡುತ್ತ, ಮಕ್ಕಳ ಕೈ ಬಿಗಿಯಾಗಿ ಹಿಡಿದುಕೊಂಡೇ, ರಾಣಿ ಹಾರಿದ್ದು ಇಲ್ಲಿಂದಲೇ ಎಂದು ತೋರಿಸುತ್ತಾರೆ.